ಮೂರು ಕೆಜಿ ಇನ್ನೂರು ಗ್ರಾಂ

ಬೆಳಗ್ಗೆ ಏಳೂ ಮುಕ್ಕಾಲಿಗೆ ತಕ್ಕಡಿಯ ಹೆಂಡತಿ ಅವನ ಕೈಗೆ ಒಂದು ಗೊಂಬೆ ಕೊಟ್ಟಳು.

ತಕ್ಕಡಿ ಎಂಬುದು ಅವನ ಹೆಸರಲ್ಲ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವುದು ಅವನ ಕೆಲಸ. ಹದಿನೈದು ವರ್ಷ ಅದನ್ನೇ ಮಾಡಿದ ಮೇಲೆ ಬೀದಿಯವರು, ನೆಂಟರು, ಕೊನೆಗೆ ಹೆತ್ತ ತಾಯಿ ಕೂಡ ಹಾಗೆಯೇ ಕರೆಯತೊಡಗಿದ್ದರು. ವಯಸ್ಸು ಮೂವತ್ತಾರು. ಗೊಂಬೆ ಹಿಡಿಯುವ ವಯಸ್ಸಲ್ಲ.

“ಸಾಯಂಕಾಲ ನೀವು ವಾಪಸ್ ಬಂದು ನನ್ನ ಕೈಗೆ ಕೊಡೋ ತನಕ ಇದು ನಿಮ್ಮ ಜವಾಬ್ದಾರಿ,” ಎಂದಳು ಹೆಂಡತಿ. “ಕತ್ತಿನ ಕೆಳಗೆ ಯಾವಾಗ್ಲೂ ಒಂದು ಕೈ ಇರ್ಬೇಕು. ಹಾಗಲ್ಲ ರೀ, ಕುಂಬಳಕಾಯಿ ಹಿಡಿದ ಹಾಗೆ ಹಿಡೀಬೇಡಿ.”

“ಕೆಲಸಕ್ಕೂ ತಗೊಂಡು ಹೋಗ್ಬೇಕಾ?”

“ಮಗು ಹುಟ್ಟಿದ ಮೇಲೆ ‘ನಾನು ಕೆಲಸಕ್ಕೆ ಹೋಗ್ತೀನಿ, ನೀನು ಮಂಚದ ಮೇಲೆ ಬಿದ್ದಿರು’ ಅಂತ ಅದಕ್ಕೆ ಹೇಳ್ತೀರಾ?”

“ಮಗುವಿಗೆ ತಾಯಿ ಇರ್ತಾಳಲ್ಲ.”

ಮಾತು ಬಾಯಿಂದ ಬಿದ್ದ ಕೂಡಲೇ ತಪ್ಪಾಯಿತೆಂದು ಅವನಿಗೆ ತಿಳಿಯಿತು. ಹೆಂಡತಿ ತುಟಿ ಬಿಗಿದುಕೊಂಡು ಗೊಂಬೆಗೆ ಇನ್ನೊಂದು ಸುತ್ತು ಬಟ್ಟೆ ಸುತ್ತಿದಳು.

ಅದು ಅಂಗಡಿಯಲ್ಲಿ ಸಿಗುವ ಆಟದ ಗೊಂಬೆಯಲ್ಲ. ಅವಳು ಪಾಠ ಮಾಡುವ ನರ್ಸಿಂಗ್ ಶಾಲೆಯಲ್ಲಿ ಹುಡುಗಿಯರಿಗೆ ಎಳೆಗೂಸನ್ನು ಎತ್ತಿಕೊಳ್ಳುವುದು, ಮೀಯಿಸುವುದು ಕಲಿಸಲು ಇಟ್ಟದ್ದು. ಚರ್ಮ ಮುಟ್ಟಿದರೆ ಚರ್ಮದ ಹಾಗೆಯೇ ಇತ್ತು. ನೆತ್ತಿಯ ಮೇಲೆ ನಾಲ್ಕು ಎಳೆ ಕೂದಲಿತ್ತು. ತೂಕ ಮೂರು ಕೆಜಿ ಇನ್ನೂರು ಗ್ರಾಂ. ಕತ್ತು ಹಸುಗೂಸಿನ ಕತ್ತಿನಂತೆ ಬಳುಕುತ್ತಿತ್ತು. ಹಿಂದಕ್ಕೆ ಜೋತುಬಿದ್ದರೆ ಬೆನ್ನ ಮೇಲಿನ ಕಾಳಿನಷ್ಟು ಹಸಿರು ದೀಪ ಕೆಂಪಾಗುತ್ತಿತ್ತು. ಒಮ್ಮೆ ಕೆಂಪಾದರೆ ಶಾಲೆಯಲ್ಲಿರುವ ಕೀಲಿ ತಿರುಗಿಸುವ ತನಕ ಕೆಂಪೇ. ಹಾಗಾಗಿ ಚೀಲಕ್ಕೆ ತುರುಕುವಂತಿಲ್ಲ, ಗಟ್ಟಿ ಜಾಗದಲ್ಲಿ ಮಲಗಿಸುವಂತಿಲ್ಲ, ಯಾರದೋ ಕೈಗೆ ಕೊಟ್ಟು ಚಹಾಕ್ಕೆ ಹೋಗುವಂತಿಲ್ಲ.

ಮೂರು ವರ್ಷದಿಂದ ಗಂಡ ಹೆಂಡತಿ ಮಗುವಿಗಾಗಿ ತಯಾರಾಗುತ್ತಿದ್ದರು. ದುಡ್ಡು ಕೂಡಿಸದೆ ಮಗು ಬೇಡ ಎಂಬುದು ಇಬ್ಬರ ಒಪ್ಪಂದ. ಮಗುವಿಗೆಂದೇ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದರು. ಸಿನಿಮಾ ಬಿಟ್ಟರು, ಹೋಟೆಲ್ಲು ಬಿಟ್ಟರು. ತಕ್ಕಡಿ ತನ್ನ ಬೈಕು ಮಾರಿ ಆ ದುಡ್ಡನ್ನೂ ಅದಕ್ಕೇ ಹಾಕಿದ. ಅಂದಿನಿಂದ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ. ವಿಮೆ ಮಾಡಿಸಿದರು. ಗಾಳಿ ಬೆಳಕಿರುವ ಮನೆ ಹಿಡಿದರು. ಚಿಕ್ಕ ಕೋಣೆಗೆ ಹಳದಿ ಬಣ್ಣ ಹೊಡೆಸಿದರು. ಎಲ್ಲ ತಯಾರಾದ ಮೇಲೆ ಹೆಂಡತಿಗೆ ಉಳಿದದ್ದು ಒಂದೇ ಅನುಮಾನ. ಅದು ಗಂಡನ ಮೇಲೆ.

ಅನುಮಾನಕ್ಕೆ ಕಾರಣ ಇತ್ತು. ಹಿಂದಿನ ವರ್ಷ ಪಕ್ಕದ ಮನೆಯವರು ತಮ್ಮ ಬೆಕ್ಕನ್ನು ಎರಡು ದಿನ ನೋಡಿಕೊಳ್ಳಿ ಎಂದು ಬಿಟ್ಟುಹೋಗಿದ್ದರು. ಮೂರನೆಯ ದಿನ ತಕ್ಕಡಿ ಅವರಿಗೆ ವಾಪಸು ಕೊಟ್ಟದ್ದು ಬೇರೆ ಬೆಕ್ಕು.

“ಇವತ್ತು ಒಂದು ದಿನ ಇದನ್ನ ನೆಟ್ಟಗೆ ನೋಡ್ಕೊಳ್ಳಿ,” ಎಂದಳು ಹೆಂಡತಿ. “ದೀಪ ಹಸಿರಾಗೇ ಬಂದ್ರೆ ಮಗುವಿನ ಮಾತು ಎತ್ತೋಣ. ಇಲ್ದಿದ್ರೆ ಆ ಹಳದಿ ಕೋಣೇಲಿ ನಿಮ್ಮ ತಕ್ಕಡಿ ಸಾಮಾನು ಇಟ್ಕೊಳ್ಳಿ.”

ತಕ್ಕಡಿಗೆ ಮಗು ಬೇಕಿತ್ತು. ದಾರಿಯಲ್ಲಿ ಯಾರದಾದರೂ ಮಗು ಕಂಡರೆ ಅದರ ತೂಕ ಎಷ್ಟಿರಬಹುದೆಂದು ಮನಸ್ಸಿನಲ್ಲೇ ಅಂದಾಜು ಮಾಡುವಷ್ಟು ಬೇಕಿತ್ತು. ಅವನು ಗೊಂಬೆಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದ.

ಕೆಳಮನೆಯ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಬಾಗಿಲಿಗೆ ಬರುವುದು ಅವಳ ಅಭ್ಯಾಸ.

“ಏನಪ್ಪಾ ಅದು, ಬೆಳಬೆಳಗ್ಗೆ?”

“ಏನಿಲ್ಲ ದೊಡ್ಡಮ್ಮ, ಕೆಲಸದ ಸಾಮಾನು.”

ಬಟ್ಟೆಯಿಂದ ಒಂದು ಪುಟ್ಟ ಪಾದ ಹೊರಗೆ ಬಂದಿತ್ತು. ದೊಡ್ಡಮ್ಮ ಪಾದ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ತಲೆಯೆತ್ತಿ ಅವನ ಮನೆಯ ಬಾಗಿಲು ನೋಡಿದಳು.

“ನಿನ್ನೆ ತನಕ ಅವಳಿಗೆ ಹೊಟ್ಟೆನೇ ಇರ್ಲಿಲ್ಲವಲ್ಲೋ!”

“ಗೊಂಬೆ ದೊಡ್ಡಮ್ಮ. ನಾನು ಅಭ್ಯಾಸ ಮಾಡ್ತಿದೀನಿ.”

“ಏನು ಅಭ್ಯಾಸ?”

“ಅಪ್ಪ ಆಗೋದು.”

“ನಮ್ಮನೆಯವರು ಆರು ಮಕ್ಕಳಿಗೆ ಅಪ್ಪ ಆದ್ರು. ಒಂದಕ್ಕೂ ಅಭ್ಯಾಸ ಮಾಡ್ಲಿಲ್ಲ,” ಎಂದು ಬಾಯಿಗೆ ಕೈ ಅಡ್ಡ ಹಿಡಿದು ಒಳಗೋಡಿದಳು. ತಕ್ಕಡಿ ಗೇಟು ದಾಟುವಷ್ಟರಲ್ಲಿ ಮೂರು ಮಹಡಿಯ ಕಿಟಕಿಗಳೂ ತೆರೆದಿದ್ದವು. ಯಾರೋ ಮೇಲಿನಿಂದ ಜೋಗುಳದ ಧಾಟಿಯಲ್ಲಿ ರಾಗ ಎಳೆದರು. ತಕ್ಕಡಿ ತಿರುಗಿ ನೋಡದೆ ನಡೆದ.

ಅಂಗಡಿಯಲ್ಲಿ ಯಜಮಾನರು ಇನ್ನೂ ಬಂದಿರಲಿಲ್ಲ. ಜೊತೆ ಕೆಲಸಗಾರ ಒಬ್ಬನೇ ಇದ್ದ. ಅವನಿಗೆ ರೇಡಿಯೋ ಎಂದು ಹೆಸರು. ಆರಿಸಲು ಗುಂಡಿ ಇಲ್ಲ ಎಂಬುದಷ್ಟೇ ರೇಡಿಯೋಗೂ ಅವನಿಗೂ ಇದ್ದ ವ್ಯತ್ಯಾಸ.

“ಇದೇನಣ್ಣ, ಯಾರದ್ದು ಎತ್ಕೊಂಡು ಬಂದೆ?”

ತಕ್ಕಡಿ ವಿಷಯ ಹೇಳಿದ. ಹೇಳಬಾರದಿತ್ತು. ಆದರೆ ಒಂದು ಕೈಯಲ್ಲಿ ಗೊಂಬೆಯ ಕತ್ತು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತವನು ಬೇರೆ ಏನೆಂದು ಹೇಳಲು ಸಾಧ್ಯ? ರೇಡಿಯೋ ಕೇಳಿ ಮುಗಿಸಿ ಗಂಭೀರವಾಗಿ ತಲೆಯಾಡಿಸಿದ. “ಅತ್ತಿಗೆ ಹೇಳಿದ್ದು ಸರಿ ಅಣ್ಣ. ಹಾಲು ಕುಡಿಸೋ ಹೊತ್ತಾದ್ರೆ ಹೇಳು, ನಾನು ಆ ಕಡೆ ತಿರುಗಿ ಕೂತ್ಕೋತೀನಿ.”

ಒಂಬತ್ತೂವರೆ ಹೊತ್ತಿಗೆ ಎಡಗೈ ಜೋಮು ಹಿಡಿಯಿತು. ಎದುರಿಗಿದ್ದ ಯಂತ್ರದ ಮುಚ್ಚಳ ತೆಗೆಯಲು ಎರಡೂ ಕೈ ಬೇಕು. ಗೊಂಬೆಯನ್ನು ಮೆತ್ತಗಿರುವ ಕಡೆ ಮಲಗಿಸಬಹುದು ಎಂದು ಹೆಂಡತಿ ಹೇಳಿದ್ದಳು. ಅವನು ಸುತ್ತ ನೋಡಿದ. ಕಬ್ಬಿಣದ ಮೇಜು, ಕಬ್ಬಿಣದ ಕಪಾಟು, ಸಿಮೆಂಟಿನ ನೆಲ. ಆ ಅಂಗಡಿಯಲ್ಲಿ ಮೆತ್ತಗಿನ ಜಾಗ ಇದ್ದದ್ದು ಒಂದೇ. ತೂಕದ ಕಲ್ಲುಗಳ ಪೆಟ್ಟಿಗೆ.

ಯಾವ ತಕ್ಕಡಿ ಸರಿ, ಯಾವುದು ತಪ್ಪು ಎಂದು ನೋಡಲು ಯಜಮಾನರು ಇಟ್ಟುಕೊಂಡಿದ್ದ ಹಿತ್ತಾಳೆಯ ಕಲ್ಲುಗಳು ಅವು. ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು ಹಾಸಿತ್ತು. ಬೆರಳಿನ ಜಿಡ್ಡು ಅಂಟಿದರೂ ತೂಕ ಹೆಚ್ಚಾಗುತ್ತದೆಂದು ಯಜಮಾನರು ಗ್ಲೌಸ್ ಹಾಕಿಕೊಂಡೇ ಅವನ್ನು ಎತ್ತುತ್ತಿದ್ದರು. ತಕ್ಕಡಿ ಕಲ್ಲುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಗೊಂಬೆಯನ್ನು ಮಖಮಲ್ಲಿನಲ್ಲಿ ಮಲಗಿಸಿದ. ಅಳತೆ ಮಾಡಿ ಹೊಲಿಸಿದಂತೆ ಹಿಡಿಸಿತು.

ಆಗಲೇ ಯಜಮಾನರು ಬಂದರು.

ಅವರು ಮೊದಲು ನೋಡಿದ್ದು ಮೇಜಿನ ಮೇಲೆ ಹಾಗೇ ಬಿದ್ದಿದ್ದ ಹಿತ್ತಾಳೆಯನ್ನು. ಆಮೇಲೆ ಪೆಟ್ಟಿಗೆಯನ್ನು.

“ನಿಂಗೆ ತಲೆ ಕೆಟ್ಟಿದೆಯೇನಯ್ಯಾ? ನಾನು ನನ್ನ ಮಕ್ಕಳನ್ನೂ ಇದರ ಹತ್ರ ಬಿಟ್ಟಿಲ್ಲ. ಕಲ್ಲನ್ನ ಎಬ್ಬಿಸಿ ಬೀದಿಗೆ ಹಾಕಿ, ಗೊಂಬೆ ಮಲಗಿಸಿದೀಯಾ!”

“ಕತ್ತು ಜೋತುಬಿದ್ರೆ ದೀಪ ಕೆಂಪಾಗುತ್ತೆ ಸಾರ್.”

“ಯಾರ ಕತ್ತು?”

ರೇಡಿಯೋ ಸಂತೋಷದಿಂದ ಎಲ್ಲವನ್ನೂ ವಿವರಿಸಿದ, ತಕ್ಕಡಿ ಹೇಳದಿದ್ದದ್ದನ್ನೂ ಸೇರಿಸಿ. ಯಜಮಾನರು ಗ್ಲೌಸ್ ಹಾಕಿಕೊಂಡು ಒಂದೊಂದು ಕಲ್ಲನ್ನೂ ಒರೆಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಈ ಮಧ್ಯೆ ರೇಡಿಯೋ, ಕತ್ತಿನ ಕೆಳಗೆ ಸರಿಯಾಗಿ ಕೈ ಕೊಟ್ಟೇ, ಗೊಂಬೆಯನ್ನು ಎತ್ತಿ ರಿಪೇರಿಗೆ ಬಂದಿದ್ದ ಒಂದು ಯಂತ್ರದ ತಟ್ಟೆಯಲ್ಲಿ ಬಟ್ಟೆ ಹಾಸಿ ಮಲಗಿಸಿದ.

“ಮೂರು ಇನ್ನೂರ ಹತ್ತು ತೋರಿಸ್ತಿದೆ ಅಣ್ಣ. ನಿನ್ನ ಮಗು ಸರಿ ಇದೆ, ಈ ಯಂತ್ರ ಹತ್ತು ಗ್ರಾಂ ಸುಳ್ಳು ಹೇಳ್ತಿದೆ.”

“ಬಟ್ಟೆ ತೂಕ ಕಳೀ,” ಎಂದ ತಕ್ಕಡಿ, ಅಭ್ಯಾಸಬಲದಿಂದ.

ಆ ಯಂತ್ರದ ಒಡೆಯ, ಧಾನ್ಯದ ಅಂಗಡಿಯವನು, ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದ. “ಏನ್ರೀ ಇದು? ಮಗು ಇಟ್ಟು ತಕ್ಕಡಿ ಸರಿಮಾಡ್ತೀರಾ?”

“ಹೌದು ಸ್ವಾಮಿ, ಹೊಸ ಪದ್ಧತಿ,” ಎಂದ ರೇಡಿಯೋ.

ಮಧ್ಯಾಹ್ನದ ಹೊತ್ತಿಗೆ ಮಾರುಕಟ್ಟೆಯ ಅಂಗಡಿಯವರೆಲ್ಲ ಒಂದೊಂದು ನೆಪ ಹೇಳಿಕೊಂಡು ಬಂದುಹೋದರು. ಚೆನ್ನಾಗಿಯೇ ಇರುವ ತಕ್ಕಡಿಗಳನ್ನು ಹೊತ್ತು ತಂದರು. ಒಬ್ಬ ಮೂಗು ಅಪ್ಪನದೇ ಎಂದ. ಇನ್ನೊಬ್ಬ, ನಾಳೆ ಅಡುಗೆ ಕಲಿಯಲು ಹೆಂಡತಿ ಪ್ಲಾಸ್ಟಿಕ್ ತರಕಾರಿ ಕೊಡುತ್ತಾಳೋ ಎಂದು ಕೇಳಿದ. ಹಣ್ಣಿನವಳು ಮಾತ್ರ ನಗಲಿಲ್ಲ. “ಪಾಪ, ಮಕ್ಕಳಾಗ್ಲಿಲ್ವೇನೋ, ಅದಕ್ಕೇ ಹೀಗೆ,” ಎಂದು ಪಕ್ಕದವಳ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ನಗುವುದಕ್ಕಿಂತ ಅದೇ ಹೆಚ್ಚು ಚುಚ್ಚಿತು. ತಕ್ಕಡಿ ಗೊಂಬೆಯನ್ನೆತ್ತಿಕೊಂಡು ಹಿಂದಿನ ಗೋದಾಮಿಗೆ ಹೋಗಿ ಖಾಲಿ ರಟ್ಟಿನ ಡಬ್ಬಗಳ ನಡುವೆ ಕೂತ. ಬಟ್ಟೆ ಸರಿಸಿ ಬೆನ್ನು ನೋಡಿದ. ದೀಪ ಹಸಿರಾಗಿತ್ತು. ಅಲ್ಲಿ ಕೂತು ಅವನು ಒಂದು ನಿರ್ಧಾರ ಮಾಡಿದ: ಇನ್ನು ಯಾರ ಮುಂದೆಯೂ ಗೊಂಬೆ ಎಂಬ ಮಾತೇ ಎತ್ತುವುದಿಲ್ಲ.

ಸಾಯಂಕಾಲದ ಬಸ್ಸು ತುಂಬಿತ್ತು. ಅವನು ಒಳಗೆ ಕಾಲಿಟ್ಟ ಕೂಡಲೇ ಮುಂದಿನ ಸೀಟಿನ ಹೆಂಗಸೊಬ್ಬಳು ಎದ್ದು ನಿಂತಳು. ದಪ್ಪ ಕನ್ನಡಕ, ಕೈಯಲ್ಲಿ ಹೆಣಿಗೆಯ ಚೀಲ.

“ಕೂತ್ಕೊಳಪ್ಪಾ. ಕೂಸನ್ನ ಹಿಡ್ಕೊಂಡು ನಿಂತಿರ್ತಾರಾ?”

ನಿಜ ಹೇಳಲು ಅದೇ ಸರಿಯಾದ ಸಮಯವಾಗಿತ್ತು. ತಕ್ಕಡಿಗೆ ಹಣ್ಣಿನವಳ ಮುಖ ನೆನಪಾಯಿತು. ಕಾಲೂ ನೋಯುತ್ತಿತ್ತು. ಏನೂ ಹೇಳದೆ ಕೂತ. ಬೈಕು ಮಾರಿದ ಮೇಲೆ ಆ ಬಸ್ಸಿನಲ್ಲಿ ಅವನಿಗೆ ಸೀಟು ಸಿಕ್ಕಿದ್ದು ಅದೇ ಮೊದಲು.

ಕನ್ನಡಕದ ಅಮ್ಮ ಬಗ್ಗಿ ಕೇಳಿದಳು, “ಎಷ್ಟಪ್ಪಾ?”

“ಮೂರು ಕೆಜಿ ಇನ್ನೂರು.”

“ತೂಕ ಅಲ್ಲಪ್ಪಾ. ಎಷ್ಟು ದಿನದ್ದು?”

“ಹೊಸದು.”

“ಅದು ಕಾಣುತ್ತೆ. ಗಂಡೋ ಹೆಣ್ಣೋ?”

ತಕ್ಕಡಿ ಗಾಬರಿಯಾದ. ಬೆಳಗ್ಗೆಯಿಂದ ಹತ್ತು ಸಲ ಬೆನ್ನು ನೋಡಿದ್ದ. ಮುಂದಿನ ಕಡೆ ನೋಡಿರಲಿಲ್ಲ. “ನೋಡಿಲ್ಲ,” ಎಂದುಬಿಟ್ಟ.

“ಹೆತ್ತಪ್ಪ ಆಗಿ ನೋಡಿಲ್ಲವಾ!”

ಪಕ್ಕದ ಸೀಟಿನಲ್ಲಿ ನಿವೃತ್ತ ಹೆಡ್‌ಮಾಸ್ಟರರೊಬ್ಬರು ಪತ್ರಿಕೆ ಓದುತ್ತಿದ್ದರು. ಅವರು ಪತ್ರಿಕೆ ಮಡಚಿದರು. ಅವರು ಪತ್ರಿಕೆ ಮಡಚಿದರೆ ಸುತ್ತಲಿನವರಿಗೆ ಪಾಠ ಶುರುವಾಯಿತೆಂದೇ ಅರ್ಥ.

“ತಾಯಿ ಎಲ್ಲಿ?”

“ಕೆಲಸಕ್ಕೆ ಹೋಗಿದಾಳೆ.”

“ಇಷ್ಟು ಎಳೆಗೂಸನ್ನ ಬಿಟ್ಟು?”

“ಅವಳೇ ಕೊಟ್ಟು ಕಳಿಸಿದ್ದು.”

ಮೇಷ್ಟ್ರು ಮತ್ತು ಕನ್ನಡಕದ ಅಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಬಸ್ಸಿನ ದೀಪ ಮಂಕಾಗಿತ್ತು. ಮೇಷ್ಟ್ರು ಬಗ್ಗಿ ಬಟ್ಟೆಯ ಅಂಚು ಸರಿಸಿದರು. ಗೊಂಬೆ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿತ್ತು.

“ರೆಪ್ಪೆ ಮಿಟುಕಿಸ್ತಿಲ್ಲವಲ್ಲ.”

“ಅದು ಹಾಗೇನೇ,” ಎಂದ ತಕ್ಕಡಿ.

“ಹಾಗೇನೇ ಅಂದ್ರೆ?”

“ಬೆಳಗ್ಗೆಯಿಂದ ಹಾಗೇ ಇದೆ.”

ಮೇಷ್ಟ್ರು ಕೆನ್ನೆ ಮುಟ್ಟಿದರು. ಕೈ ಹಿಂದಕ್ಕೆಳೆದುಕೊಂಡರು. “ತಣ್ಣಗಿದೆ!”

ಆ ಒಂದು ಮಾತಿಗೆ ಇಡೀ ಬಸ್ಸು ಎದ್ದು ನಿಂತಿತು. ಕನ್ನಡಕದ ಅಮ್ಮ “ಅಯ್ಯೋ ನನ್ನ ಕಂದಾ” ಎಂದು ಗೊಂಬೆಯನ್ನು ಅವನ ಮಡಿಲಿಂದ ಕಿತ್ತು ತನ್ನ ಎದೆಗೆ ಅವಚಿಕೊಂಡಳು. ಅಷ್ಟರ ಮಟ್ಟಿಗೆ ಕತ್ತಿನ ಕೆಳಗೆ ಅವಳ ಕೈ ಸರಿಯಾಗಿಯೇ ಇತ್ತು; ತಕ್ಕಡಿ ಅದನ್ನು ಗಮನಿಸಿದ.

“ಅಮ್ಮಾ, ಅದು ಗೊಂಬೆ!” ಎಂದು ಅವನು ಕೂಗಿದ.

ಬಸ್ಸಿನ ಹಿಂದಿನ ಸೀಟಿನಿಂದ ಯಾರೋ ನಿಟ್ಟುಸಿರು ಬಿಟ್ಟರು. “ಪಾಪ, ಆಘಾತ. ಬುದ್ಧಿಗೆ ಏಟು ಬಿದ್ದಿದೆ.”

“ನಿಜವಾಗ್ಲೂ ಗೊಂಬೆ ಸಾರ್! ಬಟ್ಟೆ ಬಿಚ್ಚಿ ನೋಡಿ!”

“ಗಾಳಿಗೆ ತೆಗೀಬೇಡಿ!” ಎಂದಳು ಕನ್ನಡಕದ ಅಮ್ಮ, ಇನ್ನೂ ಬಿಗಿಯಾಗಿ ಹಿಡಿದು. ಮೇಷ್ಟ್ರು ತಕ್ಕಡಿಯ ಭುಜದ ಮೇಲೆ ಕೈಯಿಟ್ಟರು. “ಸಮಾಧಾನ ಮಾಡ್ಕೊಳ್ಳಿ. ಗಂಡಸು ನೀವು, ಗಟ್ಟಿಯಾಗಿರ್ಬೇಕು. ಡ್ರೈವರ್! ಆಸ್ಪತ್ರೆಗೆ ಬಿಡ್ರೀ ಬಸ್ಸನ್ನ!”

ಡ್ರೈವರು ಇಪ್ಪತ್ತೆರಡು ವರ್ಷದಿಂದ ಅದೇ ದಾರಿಯಲ್ಲಿ ಬಸ್ಸು ಓಡಿಸಿ ಬೇಸತ್ತವನು. ಅವನು ಹಾರನ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಸ್ಟಾಪಿನಲ್ಲಿ ಕಾಯುತ್ತಿದ್ದವರು ಕೈ ಎತ್ತಿದರು, ಬೈದರು, ಹಿಂದುಳಿದರು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು “ಜೀವ ಇದೆ, ಜಾಗ ಬಿಡಿ!” ಎಂದು ರಸ್ತೆಗೆಲ್ಲ ಕೂಗಿದ. ಸೀಟಿನಲ್ಲಿ ಕೂತಿದ್ದ ತಕ್ಕಡಿಗೆ ಯಾರೋ ನೀರು ಕುಡಿಸಿದರು, ಯಾರೋ ಬೆನ್ನು ಸವರಿದರು. ಒಬ್ಬ ತನ್ನ ಸ್ವಂತ ಕರವಸ್ತ್ರದಿಂದ ಅವನ ಮುಖ ಒರೆಸಿ ಅದನ್ನು ಅವನ ಕೈಗೇ ಕೊಟ್ಟ. ಇಷ್ಟು ಒಳ್ಳೆಯ ಜನರನ್ನು ಅವನು ಒಟ್ಟಿಗೆ ಎಂದೂ ನೋಡಿರಲಿಲ್ಲ. ಅದನ್ನು ನೆನೆದಷ್ಟೂ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ಬಸ್ಸು ನಿಂತಿತು. ಡ್ರೈವರು ಹಾರಿ ಇಳಿದು, ಕನ್ನಡಕದ ಅಮ್ಮನ ಕೈಯಿಂದ ಮಗುವನ್ನು ಕಸಿದುಕೊಂಡು ಒಳಗೆ ಓಡಿದ. ಹಿಂದೆ ಕಂಡಕ್ಟರು, ಅವನ ಹಿಂದೆ ಮೇಷ್ಟ್ರು, ಅವರ ಹಿಂದೆ ಬಸ್ಸಿನ ಅರ್ಧ ಜನ, ಎಲ್ಲರಿಗಿಂತ ಹಿಂದೆ ತಕ್ಕಡಿ “ಕತ್ತು! ಕತ್ತು!” ಎಂದು ಕೂಗುತ್ತ.

ಕಾರಿಡಾರಿನ ನೆಲವನ್ನು ಆಗಷ್ಟೇ ಒರೆಸಿದ್ದರು.

ಡ್ರೈವರು ಜಾರಿದ. ಬೀಳುವಾಗ ಮಗುವನ್ನು ಕಾಪಾಡಲೆಂದು ಎರಡೂ ಕೈ ಮೇಲೆತ್ತಿದ. ಹಾಗಾಗಿ ಅವನು ನೆಲಕ್ಕೆ ಬಿದ್ದ, ಬಟ್ಟೆಯ ಗಂಟು ಕೈಯಿಂದ ಹಾರಿ ಗೋಡೆಗೆ ಬಡಿಯಿತು, ತಲೆ ಕಳಚಿ ಕಾರಿಡಾರಿನುದ್ದಕ್ಕೂ ಉರುಳಿಕೊಂಡು ಹೋಯಿತು. ಒರೆಸುವ ಬಕೆಟ್ಟಿಗೆ ತಾಗಿ ನಿಂತು, ನಾಲ್ಕು ಎಳೆ ಕೂದಲು ಮೇಲೆ ಮಾಡಿಕೊಂಡು, ಚಾವಣಿ ನೋಡತೊಡಗಿತು.

ಮೊದಲು ಕನ್ನಡಕದ ಅಮ್ಮ ಬಿದ್ದಳು. ಅವಳನ್ನು ಹಿಡಿಯಲು ಹೋದ ಕಂಡಕ್ಟರು ಗೋಡೆ ಹಿಡಿದು ಕೂತ. ಡ್ಯೂಟಿ ಡಾಕ್ಟರು ಹೊರಗೆ ಬಂದಳು, ತಲೆಯನ್ನು ನೋಡಿದಳು, ಒಂದು ಹೆಜ್ಜೆ ಹಿಂದೆ ಹೋದಳು.

ತಕ್ಕಡಿ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ತಲೆಯನ್ನು ಎತ್ತಿಕೊಂಡ. “ಏನೂ ಆಗಿಲ್ಲ,” ಎಂದ. ಅದು ಸಾಲದೆನ್ನಿಸಿ ಕತ್ತಿನೊಳಗಿನ ಸ್ಪ್ರಿಂಗನ್ನು ಎಲ್ಲರಿಗೂ ತೋರಿಸಿದ. “ಗೊಂಬೆ.” ಆಮೇಲೆ ಮುಂಡವನ್ನೂ ಎತ್ತಿಕೊಂಡು, ದಿನವಿಡೀ ಮಾಡಿದ ಅಭ್ಯಾಸದಿಂದ, ಬಟ್ಟೆ ಸರಿಸಿ ಬೆನ್ನು ನೋಡಿದ. ಜೋತುಬೀಳಲು ಕತ್ತೇ ಇಲ್ಲದ ಆ ಗೊಂಬೆಯ ಬೆನ್ನ ಮೇಲೆ ದೀಪ ಹಸಿರಾಗಿಯೇ ಉರಿಯುತ್ತಿತ್ತು.

ನೆಲದ ಮೇಲಿನಿಂದ ಡ್ರೈವರು ಕೇಳಿದ, “ಇದನ್ನ ಮೊದ್ಲೇ ಬೊಗಳೋಕೆ ಏನಾಗಿತ್ತು?”

“ಹೇಳಿದ್ನಲ್ಲ ಅಣ್ಣಾ.”

“ಹೇಳಿದ್ರಿ,” ಎಂದರು ಮೇಷ್ಟ್ರು ಕಠಿಣವಾಗಿ. “ನಂಬೋ ಹಾಗೆ ಹೇಳ್ಲಿಲ್ಲ. ಮೂರು ಕೆಜಿ ಇನ್ನೂರು ಅಂದ್ರಿ. ಹೆಂಡ್ತಿ ಕೆಲಸಕ್ಕೆ ಹೋಗಿದಾಳೆ ಅಂದ್ರಿ. ಸೀಟಲ್ಲಿ ಕೂತ್ರಿ.”

ಕೊನೆಯ ಮಾತಿಗೆ ತಕ್ಕಡಿ ಮುಂಡಕ್ಕೆ ಮತ್ತೆ ಬಟ್ಟೆ ಸುತ್ತತೊಡಗಿದ. ಬಸ್ಸಿನಲ್ಲಿ ಮುಖ ಒರೆಸಿದ್ದವನು ಮುಂದೆ ಬಂದು ತನ್ನ ಕರವಸ್ತ್ರ ವಾಪಸು ಕೇಳಿದ.

ಆಸ್ಪತ್ರೆಯ ಕಾವಲಿನ ಪೊಲೀಸನಿಗೆ ಹೇಳಿಕಳಿಸಿದರು. ಅವನು ತಲೆಯನ್ನೂ ಮುಂಡವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ. “ಗೊಂಬೆ ಎತ್ಕೊಂಡು ಓಡಾಡೋದು ಅಪರಾಧ ಅಲ್ಲ,” ಎಂದ. “ಆದ್ರೂ ನಿಮ್ಮ ವಯಸ್ಸಿಗೆ ಇದು ಚೆನ್ನಾಗಿಲ್ಲ. ನಡೀರಿ.” ಅಪರಾಧವೇ ಆಗಿದ್ದರೆ ತಕ್ಕಡಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಕಂಡಕ್ಟರಿಗೆ ಆಗ ತನ್ನ ಕೆಲಸ ನೆನಪಾಯಿತು. “ಕೈಗೂಸಿಗೆ ಟಿಕೆಟ್ ಇಲ್ಲ ಅಂತ ಬಿಟ್ಟಿದ್ದೆ. ಗೊಂಬೆ ಅಂದ್ರೆ ಲಗೇಜು,” ಎಂದು ಕಾರಿಡಾರಿನಲ್ಲೇ ಟಿಕೆಟ್ ಹರಿದುಕೊಟ್ಟ. ಎಚ್ಚರವಾದ ಕನ್ನಡಕದ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಸ್ಸು ಹೊರಟಿತು. ಲಗೇಜಿನ ಟಿಕೆಟ್ ಇದ್ದರೂ ತಕ್ಕಡಿಯನ್ನು ಹತ್ತಿಸಿಕೊಳ್ಳಲಿಲ್ಲ.

ಅವನು ನಡೆದೇ ಹೊರಟ. ಮುಂಡ ಎಡಗೈಯಲ್ಲಿ, ತಲೆ ಬಲಗೈಯಲ್ಲಿ. ದಾರಿಯುದ್ದಕ್ಕೂ ಹೆಂಡತಿಗೆ ಹೇಳುವ ಸುಳ್ಳುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಯಾವುದೂ ತೂಕಕ್ಕೆ ಬರಲಿಲ್ಲ. ಮನೆ ಹತ್ತಿರವಾದಂತೆ ನಿಜವನ್ನೇ ಹೇಳುವುದೆಂದು ತೀರ್ಮಾನಿಸಿದ. ಅದರ ಜೊತೆಗೆ ಇನ್ನೊಂದು ತೀರ್ಮಾನವೂ ಆಯಿತು. ಅದು ಕಷ್ಟದ ತೀರ್ಮಾನ. ಆದರೆ ಅದನ್ನು ಮಾಡಿದ ಮೇಲೆ ಅಂದು ಮೊದಲ ಸಲ ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಹೆಂಡತಿ ಬಾಗಿಲು ತೆರೆದಳು. ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಮೊದಲು ಎಡಗೈ, ಆಮೇಲೆ ಬಲಗೈ.

ತಕ್ಕಡಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಮಖಮಲ್ಲು, ಹಣ್ಣಿನವಳು, ಸೀಟು, ಹೆಡ್‌ಮಾಸ್ಟರು, ಒರೆಸಿದ ನೆಲ, ಏನನ್ನೂ ಬಿಡಲಿಲ್ಲ. ಅವಳು ಗೊಂಬೆಯ ತಲೆಯನ್ನು ಅವನ ಕೈಯಿಂದ ತೆಗೆದುಕೊಂಡು ಕುರ್ಚಿಯಲ್ಲಿ ಕೂತಳು.

“ತಪ್ಪು ನಂದು,” ಎಂದ ಅವನು. “ಬಸ್ಸು ಹತ್ತಿದಾಗ್ಲೇ ಹೇಳಿದ್ರೆ ಇಷ್ಟಾಗ್ತಿರ್ಲಿಲ್ಲ. ನಾಚಿಕೆ ಆಯ್ತು, ಹೇಳ್ಲಿಲ್ಲ. ನೀನು ಶಾಲೇಲಿ ತಲೆ ತಗ್ಗಿಸೋದು ಬೇಡ. ನಾಳೆನೇ ಮಗುವಿನ ಖಾತೆಯಿಂದ ದುಡ್ಡು ತೆಗೆದು ಅವರಿಗೆ ಇದರ ಬೆಲೆ ಕಟ್ಟಿಬಿಡೋಣ. ಮತ್ತೆ ಮೊದಲಿಂದ ಕೂಡಿಸೋಣ. ಮಗು ತಡ ಆಗುತ್ತೆ. ಆಗ್ಲಿ.”

ಇದೇ ಅವನ ಕಷ್ಟದ ತೀರ್ಮಾನ. ಹೇಳಿ ಮುಗಿಸಿ ಹೆಂಡತಿಯ ಕಣ್ಣಲ್ಲಿ ಸ್ವಲ್ಪವಾದರೂ ಮೆಚ್ಚುಗೆ ಕಾಣಬಹುದೆಂದು ನೋಡಿದ. ಅವಳು ಗೊಂಬೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

“ಖಾತೇಲಿ ದುಡ್ಡಿಲ್ಲ ರೀ.”

“ಅಂದ್ರೆ?”

“ಹೋದ ತಿಂಗಳು ನೀವು ರಿಪೇರಿಗೆ ಅಂತ ಹೊರಗೂರಿಗೆ ಹೋಗಿದ್ರಲ್ಲ. ಆಗ ನಾನೂ ಒಂದು ದಿನ ಗೊಂಬೆ ತಂದಿದ್ದೆ. ಇಷ್ಟು ವರ್ಷದಿಂದ ಹುಡುಗೀರಿಗೆ ಪಾಠ ಮಾಡ್ತಿದೀನಿ, ನನಗೆ ನಿಜವಾಗ್ಲೂ ಬರುತ್ತಾ ನೋಡೋಣ ಅಂತ.”

“ಬಂತಾ?”

“ಬಸ್ಸಲ್ಲಿ ಬಿಟ್ಟು ಇಳಿದುಬಿಟ್ಟೆ.”

ತಕ್ಕಡಿ ಮೆಲ್ಲಗೆ ಎದುರಿನ ಕುರ್ಚಿಯಲ್ಲಿ ಕೂತ.

“ಪಕ್ಕದ ಸೀಟಲ್ಲಿ ಮಲಗಿಸಿದ್ದೆ,” ಎಂದಳು ಅವಳು. “ಇಳಿಯುವಾಗ ಕೈಚೀಲ ನೆನಪಾಯ್ತು, ಊಟದ ಡಬ್ಬಿ ನೆನಪಾಯ್ತು. ಮನೆ ಬೀಗ ತೆಗೀತಾ ಇದು ನೆನಪಾಯ್ತು.”

“ಡಿಪೋಗೆ ಹೋಗಿ ಕೇಳ್ಬೇಕಿತ್ತು.”

“ಹೋದೆ. ಕಿಟಕಿ ತನಕ ಹೋದೆ. ಏನು ಕಳ್ಕೊಂಡ್ರಿ ಅಂದ್ರು. ಹಿಂದೆ ಸಾಲಲ್ಲಿ ಇಪ್ಪತ್ತು ಜನ ನಿಂತಿದ್ರು. ಗೊಂಬೆ ಅನ್ನೋಕೆ ನಾಚಿಕೆ ಆಯ್ತು ರೀ. ಛತ್ರಿ ಅಂದೆ.” ಅವಳು ಮೂಗು ಒರೆಸಿಕೊಂಡಳು. “ಒಂದು ಛತ್ರಿ ಕೊಟ್ಟು ಕಳಿಸಿದ್ರು.”

“ಮತ್ತೆ ಇದು?”

“ಶಾಲೇಲಿ ಗೊತ್ತಾಗೋ ಮೊದ್ಲು ಕಂಪನಿಯಿಂದ ಇನ್ನೊಂದು ತರಿಸಿ ಅದೇ ಜಾಗದಲ್ಲಿಟ್ಟೆ. ಎಷ್ಟು ದುಬಾರಿ ಅಂತ ನನಗೂ ಗೊತ್ತಿರ್ಲಿಲ್ಲ. ನಾವು ಕೂಡಿಸಿದ್ದೆಲ್ಲ ಇದಕ್ಕೇ ಹೋಯ್ತು. ನಿಮ್ಮ ಬೈಕಿನ ದುಡ್ಡೂ.”

ತಕ್ಕಡಿ ಅವಳ ಮಡಿಲಲ್ಲಿದ್ದ ತಲೆಯನ್ನೂ ತನ್ನ ಮಡಿಲಲ್ಲಿದ್ದ ಮುಂಡವನ್ನೂ ನೋಡಿದ. ಮೂರು ವರ್ಷ ಕೂಡಿಸಿದ್ದು ಎರಡು ಭಾಗವಾಗಿ ಅವರಿಬ್ಬರ ಕೈಯಲ್ಲಿತ್ತು.

“ಇಷ್ಟು ಗೊತ್ತಿದ್ದೂ ನನ್ನ ಕೈಗೆ ಯಾಕೆ ಕೊಟ್ಟೆ?”

ಅವಳು ಹೇಳಿದಳು, “ನನಗೆ ಬರಲ್ಲ ಅಂತ ಗೊತ್ತಾಯ್ತಲ್ಲ. ನಿಮಗಾದ್ರೂ ಬಂದ್ರೆ ಸಾಕು ಅನ್ನಿಸ್ತು. ಇಬ್ಬರಲ್ಲಿ ಒಬ್ಬರಿಗೆ.”

ಅವನು ಬೈಯಲು ಬಾಯಿ ತೆರೆದ. ಅಂಥ ಹಕ್ಕು ತನಗಿಲ್ಲವೆಂದು ಮುಚ್ಚಿಕೊಂಡ. ಎದ್ದು ಇಬ್ಬರಿಗೂ ಚಹಾ ಮಾಡಿದ.

ಮರುದಿನ ಬೆಳಗ್ಗೆ ಅವಳು ಪ್ರಾಂಶುಪಾಲರ ಕೋಣೆಗೆ ಹೋಗಿ ಎರಡೂ ಗೊಂಬೆಗಳ ವಿಷಯ ಹೇಳಿದಳು. ತಕ್ಕಡಿ ರಜೆ ಹಾಕಿ ಜೊತೆಗೆ ಹೋಗಿ ಬಾಗಿಲ ಹೊರಗೆ ನಿಂತಿದ್ದ. ಶಾಲೆ ಹೊಸದಾಗಿ ತರಿಸುವ ಮೂರನೆಯ ಗೊಂಬೆಯ ಬೆಲೆಯನ್ನು ಅವಳ ಸಂಬಳದಿಂದ ಮೂರು ವರ್ಷ ಕಂತಿನಲ್ಲಿ ಮುರಿದುಕೊಳ್ಳುವುದೆಂದು ತೀರ್ಮಾನವಾಯಿತು.